ಪೆಥಾಲಜಿಸ್ಟ್ ಬಗ್ಗೆ ಬರೆದಿದ್ದೀರಿ, ಅವರ ಕೆಲಸ ಎಲ್ಲಿ?

ನಮಸ್ಕಾರ,

ಪೆಥಾಲಜಿ ವೈದ್ಯರೊಬ್ಬರ, ಅಂದರೆ ದೇಹದ ಚೂರು, ರಕ್ತ ಪರೀಕ್ಷಿಸಿ ರೋಗ ಗುರುತಿಸುವವರೊಬ್ಬರ ಓದು, ವೃತ್ತಿ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ, ವಿಷಯ ಗಟ್ಟಿಯಾಗಿದೆ.

ಮೊದಲ ಎರಡು ಪ್ಯಾರಾ ಶವಪರೀಕ್ಷೆಗೇ ಹೋಗಿದೆ. ಓದುಗರನ್ನು ಹಿಡಿದಿಡಲು ಹಾಗೆ ಮಾಡಿದ್ದೀರಿ, ಗೊತ್ತಾಗುತ್ತೆ. ಆದರೆ ಈ ವೈದ್ಯರ ಸಮಯ ಜಾಸ್ತಿ ಹೋಗುವುದು ಬದುಕಿರುವವರ ಗಡ್ಡೆ, ರಕ್ತ, ಮಜ್ಜೆ ನೋಡುವುದರಲ್ಲಿ. ಆ ಎರಡೂ ಪ್ಯಾರಾ ತೆಗೆದುಬಿಡಿ. 1858ರಲ್ಲಿ ಆಧುನಿಕ ಪೆಥಾಲಜಿಗೆ ಬುನಾದಿ ಹಾಕಿದ ರುಡಾಲ್ಫ್ ವಿರ್ಖೋ ಬರ್ಲಿನ್‌ನಲ್ಲಿ ಕೊಟ್ಟ ಉಪನ್ಯಾಸಗಳ ಪ್ಯಾರಾ ತಪ್ಪಿಲ್ಲ, ಇಲ್ಲಿ ಅದಕ್ಕೆ ಕೆಲಸವಿಲ್ಲ ಅಷ್ಟೇ.

ಆಮೇಲೆ ಡಿಗ್ರಿಗಳ ಪಟ್ಟಿ. ವೈದ್ಯಕೀಯ ಪದವಿ, ಅದರ ಮೇಲೆ ಹೆಚ್ಚಿನ ದೇಶಗಳಲ್ಲಿ 3ರಿಂದ 5 ವರ್ಷದ ತರಬೇತಿ. ಒಂದು ಸಾಲು ಸಾಕು. ಆ ವರ್ಷಗಳಲ್ಲಿ ಏನು ಕಲಿಯುತ್ತಾರೆ ಅನ್ನೋದೇ ಇಲ್ಲವಲ್ಲ! ಗ್ರಾಸಿಂಗ್, ಅಂದರೆ ಆಪರೇಷನ್‌ನಲ್ಲಿ ತೆಗೆದದ್ದನ್ನು ಬರಿಗಣ್ಣಲ್ಲಿ ನೋಡಿ, ಕೊಯ್ದು, ಸ್ಲೈಡಿಗೆ ಚೂರು ಆರಿಸುವ ಕೆಲಸ, ಅದರ ಬಗ್ಗೆ ಒಂದು ಮಾತೂ ಇಲ್ಲ. ಕಿರಿಯ ವೈದ್ಯರ ಕೈ ಪಳಗುವುದು ಆ ಟೇಬಲ್ ಮುಂದೆ. ಸ್ತನದಿಂದ ತೆಗೆದ ಗಡ್ಡೆ ಬರುತ್ತದೆ. ಅಳೆಯಬೇಕು, ತೂಗಬೇಕು, ಹೊರಮೈಗೆಲ್ಲ ಇಂಕ್ ಹಚ್ಚಬೇಕು, ಆಮೇಲೆ ಕೊಯ್ಯಬೇಕು. ಇಂಕ್ ಯಾಕೆ? ಮುಂದೆ ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶಗಳು ಆ ಇಂಕನ್ನು ಮುಟ್ಟಿದ್ದು ಕಂಡರೆ, ರೋಗಿಯ ದೇಹದೊಳಗೆ ಇನ್ನೂ ಗಡ್ಡೆ ಉಳಿದಿರಬಹುದು. ಮತ್ತೊಂದು ಆಪರೇಷನ್ ಬೇಕಾಗಬಹುದು. ಇಲ್ಲಿ ತಪ್ಪು ಜಾಗದಿಂದ ಚೂರು ತೆಗೆದರೆ ಎಂಥ ಮೈಕ್ರೋಸ್ಕೋಪ್ ಇದ್ದೂ ಪ್ರಯೋಜನವಿಲ್ಲ. ಇದನ್ನು ಬರೆಯಿರಿ.

'ಆಪರೇಷನ್ ನಡೆಯುತ್ತಿರುವಾಗಲೇ ರಿಪೋರ್ಟ್ ಬಂತು' ಅಂತ ಸುಮ್ನೆ ಒಂದು ಸಾಲಲ್ಲಿ ಹೇಳಿ ದಾಟಿದ್ದೀರಿ. ಮಾಮೂಲಿ ಬಯಾಪ್ಸಿ ಅಷ್ಟು ಬೇಗ ಆಗಲ್ಲ. ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, 3-4 ಮೈಕ್ರಾನ್ ತೆಳುವಾಗಿ ಕತ್ತರಿಸಿ, ಬಣ್ಣ ಹಾಕುವಷ್ಟರಲ್ಲಿ ಸಾಮಾನ್ಯವಾಗಿ ಒಂದು ದಿನವಾದರೂ ಬೇಕು. ನೀವು ಹೇಳುತ್ತಿರುವುದು ಫ್ರೋಜನ್ ಸೆಕ್ಷನ್ ಇರಬೇಕು, ಅಂದರೆ ಚೂರನ್ನು ಮೇಣದ ಬದಲು ಹೆಪ್ಪುಗಟ್ಟಿಸಿ ಕತ್ತರಿಸಿ ಕೂಡಲೇ ನೋಡುವುದು. ಹಾಗಿದ್ದರೆ ಲೇಖನ ಅಲ್ಲಿಂದಲೇ ಶುರುವಾಗಲಿ. ರೋಗಿ ಟೇಬಲ್ ಮೇಲೆ, ಸರ್ಜನ್ ಕಾಯುತ್ತಿದ್ದಾರೆ, ಇಲ್ಲಿ ಸುಮಾರು 20 ನಿಮಿಷದಲ್ಲಿ ಉತ್ತರ ಹೇಳಬೇಕು. ಚೂರನ್ನು ಹೆಪ್ಪುಗಟ್ಟಿಸುವಾಗ ಒಳಗೆ ಐಸ್ ಹರಳು ಕಟ್ಟಿ ಕೋಶಗಳ ಆಕಾರ ಕೆಡುತ್ತದೆ. ಕೆಲವೊಮ್ಮೆ ಸರಿಯಾದ ಉತ್ತರ 'ಈಗಲೇ ಹೇಳಲಾಗದು, ಮೇಣದ ಸ್ಲೈಡ್ ಬರಲಿ' ಅನ್ನುವುದೇ. ಸರ್ಜನ್‌ಗೆ ಅಷ್ಟು ಹೇಳುವ ಧೈರ್ಯ ಬರಲಿಕ್ಕೂ ವರ್ಷಗಳು ಬೇಕು. ತರಬೇತಿ ಅಂದರೆ ಇದೂ ಸೇರಿಯೇ.

ಅದಕ್ಕೇ 'ತಪ್ಪೇ ಮಾಡದ ಕಣ್ಣು' ಅನ್ನುವ ನಿಮ್ಮ ಸಾಲು ನನಗೆ ಹಿಡಿಸಲಿಲ್ಲ. ಅನುಮಾನ ಬಂದರೆ ಈ ವೈದ್ಯರು ಸ್ಲೈಡ್ ಹಿಡಿದುಕೊಂಡು ಪಕ್ಕದ ರೂಮಿನವರ ಹತ್ತಿರ ಹೋಗುತ್ತಾರೆ, ಹೊರಗಿನ ತಜ್ಞರಿಗೂ ಕಳಿಸುತ್ತಾರೆ. ನೀವು ಮಾತಾಡಿಸಿದ ವೈದ್ಯರನ್ನು ಇನ್ನೊಮ್ಮೆ ಕಾಣಿ. ಅವರು ಹಾಗೆ ಎದ್ದು ಹೋದ ಒಂದು ಸ್ಲೈಡಿನ ಕಥೆ ಕೇಳಿ. ಏನು ಕಂಡಿತ್ತು, ಯಾಕೆ ತಡೆದರು, ಕೊನೆಗೆ ರಿಪೋರ್ಟಿನಲ್ಲಿ ಯಾವ ಪದ ಬರೆದರು, ಇಷ್ಟು ತನ್ನಿ. ರೋಗಿಯ ಗುರುತು ಸಿಗುವ ವಿವರ ಬೇಡ.

800 ಪದ ಮೀರದಂತೆ ತಿದ್ದಿ ಕಳಿಸಿ, ನಾನೇ ಓದುತ್ತೇನೆ.

– ಸಂಪಾದಕ