ಹಳೇ ಜಾವಾ, ಯೆಜ್ಡಿ ಮನೆಯಲ್ಲೇ ಎಬ್ಬಿಸುವವರಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ 250 ಸಿಸಿ ಬೈಕುಗಳು ಮಾತ್ರ ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ ನಿಂತಿವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅವುಗಳ ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿ ಅವಕ್ಕೇ ಬಿಟ್ಟುಕೊಟ್ಟಿದ್ದೇವೆ.

ಮಾವನವರ ಜಾವಾ 250 ಹದಿನೈದು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಕಿಕ್ಕರ್ ಅಲ್ಲಾಡುವುದೇ ಇಲ್ಲ. ಪ್ಲಗ್ ತೂತಿಗೆ ಡೀಸೆಲ್ ಸುರಿದು ಎರಡು ದಿನ ಬಿಟ್ಟು ಜೋರಾಗಿ ಒದೆಯಿರಿ, ಬಿಡುತ್ತದೆ ಎನ್ನುತ್ತಾರೆ ನಮ್ಮೂರ ಮೆಕ್ಯಾನಿಕ್. ಹಾಗೆ ಮಾಡಬಹುದೇ? — ಹಾಸನ

ಡೀಸೆಲ್ ಸುರಿಯಿರಿ, ಒದೆಯಬೇಡಿ. ಈ ಗಾಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಜಾಮ್ ಆದ ಎಂಜಿನ್ ಮೇಲೆ ಮೈಭಾರ ಹಾಕಿ ಒದ್ದರೆ ಪೆಟ್ಟು ಬೀಳುವುದು ಒಳಗಿನ ಶಾಫ್ಟಿಗೆ ಮತ್ತು ಅದರ ಹಲ್ಲಿಗೆ. ಆಮೇಲೆ ಪಿಸ್ಟನ್ ಬಿಟ್ಟುಕೊಂಡರೂ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.

ಪ್ಲಗ್ ತೆಗೆದು ಡೀಸೆಲ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆಯನ್ನು ಸಮಸಮ ಬೆರೆಸಿ 50 ಎಂ.ಎಲ್.ನಷ್ಟು ಬಿಡಿ. ಮೂರ್ನಾಲ್ಕು ದಿನ ಕಳೆಯಲಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ತೂಗಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಅಲ್ಲಿಗೆ ನಿಲ್ಲಿಸಿ. ಅಷ್ಟಕ್ಕೇ ಸ್ಟಾರ್ಟ್ ಮಾಡಲು ಹೋಗಬೇಡಿ.

ಯಾಕೆಂದರೆ ಇದು ಟೂ ಸ್ಟ್ರೋಕ್. ಫೋರ್ ಸ್ಟ್ರೋಕಿನಂತೆ ಕ್ರ್ಯಾಂಕ್ ಕೇಸಿನ (ಎಂಜಿನ್ನಿನ ಕೆಳಗಿನ ಕೋಣೆ) ತಳದಲ್ಲಿ ಎಣ್ಣೆ ನಿಂತಿರುವುದಿಲ್ಲ. ಪೆಟ್ರೋಲಿನ ಜೊತೆ ಹೋದ 2ಟಿ ಆಯಿಲಿನ ತೆಳು ಪದರವೇ ಬೇರಿಂಗುಗಳಿಗೆ ಇರುವ ಆಧಾರ. ಗಾಡಿ ವರ್ಷಗಟ್ಟಲೆ ನಿಂತರೆ ಆ ಪದರ ಒಣಗುತ್ತದೆ, ತೆರೆದೇ ಇರುವ ಪೋರ್ಟಿನಿಂದ (ಸಿಲಿಂಡರ್ ಗೋಡೆಯ ಕಿಂಡಿ) ಮಳೆಗಾಲದ ತೇವ ಒಳಗೆ ಹೋಗುತ್ತದೆ. ಪಿಸ್ಟನ್ ಹಿಡಿದುಕೊಂಡಿದೆ ಎಂದರೆ ಕೆಳಗಿನ ಬೇರಿಂಗುಗಳಿಗೂ ತುಕ್ಕು ತಾಗಿರುವ ಸಾಧ್ಯತೆಯೇ ಹೆಚ್ಚು. ಆ ಸ್ಥಿತಿಯಲ್ಲಿ ಓಡಿಸಿದರೆ ಬೇರಿಂಗಿನಿಂದ ಉದುರಿದ ಚೂರು ಪಿಸ್ಟನ್‌ಗೆ ಸಿಕ್ಕಿ ಬೋರನ್ನೇ, ಅಂದರೆ ಸಿಲಿಂಡರಿನ ಒಳಗೋಡೆಯನ್ನೇ, ಗೀರಿ ಹಾಕುತ್ತದೆ.

ಹಾಗಾಗಿ ಟ್ಯಾಂಕ್ ಇಳಿಸಿ, ಎರಡೂ ಸೈಲೆನ್ಸರ್ ಪೈಪ್ ಮತ್ತು ಕಾರ್ಬರೇಟರ್ ಬಿಚ್ಚಿ, ಹೆಡ್ ತೆಗೆಯಿರಿ. ಹೆಡ್ಡಿನ ನಟ್ಟುಗಳನ್ನು ಒಂದೇ ಸಲಕ್ಕೆ ಬಿಚ್ಚದೆ ಎದುರುಬದುರಾಗಿ ಕಾಲು ಸುತ್ತು, ಕಾಲು ಸುತ್ತು ಸಡಿಲಿಸಿ. ಸಿಲಿಂಡರ್ ಬೀಡು ಕಬ್ಬಿಣದ್ದು. ಅದರ ರೆಕ್ಕೆಗಳಿಗೆ ಸುತ್ತಿಗೆ ತಾಗಿಸಿದರೆ ಮುರಿದು ಕೈಗೆ ಬರುತ್ತವೆ, ಮತ್ತೆ ಕೂಡಿಸುವುದು ದೊಡ್ಡ ತಲೆನೋವು. ಸಿಲಿಂಡರ್ ಮೇಲೆ ಬಾರದಿದ್ದರೆ ಹೊರಗಿನಿಂದ ಬಿಸಿ ಮಾಡಿ, ಪಿಸ್ಟನ್ ತಲೆಯ ಮೇಲೆ ಮರದ ತುಂಡಿಟ್ಟು ತಟ್ಟಿ.

ಸಿಲಿಂಡರ್ ಹೊರಬಂದ ಮೇಲೆ ಕನೆಕ್ಟಿಂಗ್ ರಾಡನ್ನು ಮೇಲಿನ ತುದಿಗೆ ತಂದು ನೇರ ಮೇಲೆ ಕೆಳಗೆ ಎಳೆದು ನೋಡಿ. ಒಂದಿಷ್ಟೂ ಆಟ ಇರಬಾರದು. ಟಕ್ ಎಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ ಎಂದೇ ಅರ್ಥ. ಅಕ್ಕಪಕ್ಕಕ್ಕೆ ಅಲ್ಲಾಡುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಎರಡು ಹನಿ ಎಣ್ಣೆ ಬಿಟ್ಟು ನಿಧಾನ ತಿರುಗಿಸಿದಾಗ ಮರಳು ಸಿಕ್ಕಂತೆ ಗರಗರ ಎಂದರೆ ಅದನ್ನೂ ಬದಲಿಸಿ. ಕ್ರ್ಯಾಂಕ್ ಬಿಚ್ಚಿ ಹೊಸ ಪಿನ್, ರಾಡ್, ಬೇರಿಂಗ್ ಕೂರಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಪ್ರೆಸ್ ಬೇಕು, ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓಟ (ತಿರುಗುವಾಗಿನ ಓಲಾಟ) 0.03 ಮಿ.ಮೀ. ಒಳಗೆ ತರಬೇಕು. ಕೊಟ್ಟ ಅಂಗಡಿಯಲ್ಲಿ ಡಯಲ್ ಗೇಜೇ ಕಾಣದಿದ್ದರೆ ಬೇರೆ ಅಂಗಡಿ ನೋಡಿ.

ಬೋರಿಂಗ್, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸುವ ವಿಷಯದಲ್ಲಿ ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಸಿಲಿಂಡರ್ ಜೊತೆಗೆ ಅದನ್ನೂ ಲೇತಿನವರ ಕೈಗೆ ಕೊಡಿ. ಮೂಲ ಬೋರ್ 65 ಮಿ.ಮೀ.; ಓವರ್‌ಸೈಜ್ ಎಂದು ಪೊಟ್ಟಣದ ಮೇಲೆ ಬರೆದಿರುವ ಅಂಕಿಯನ್ನು ನಂಬಿ ಬೋರ್ ಮಾಡಿಸಬೇಡಿ, ಈಗ ಬರುವ ಪಿಸ್ಟನ್‌ಗಳ ಅಳತೆ ಒಂದಕ್ಕೊಂದು ಸರಿಹೊಂದುವುದಿಲ್ಲ. ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗ) ಬಳಿ 0.07ರಿಂದ 0.08 ಮಿ.ಮೀ. ಜಾಗ ಬಿಡಲು ಹೇಳಿ. ಕಾರಿನ ಎಂಜಿನ್ ಮಾಡಿ ಅಭ್ಯಾಸವಿದ್ದವರು ಇನ್ನೂ ಬಿಗಿ ಮಾಡಿಬಿಡುತ್ತಾರೆ, ಆಗ ಮೊದಲ ಏರಿನಲ್ಲೇ ಸೀಜ್ ಆಗುತ್ತದೆ. ಪೋರ್ಟುಗಳ ಅಂಚನ್ನು ಉಜ್ಜಿ ನಯ ಮಾಡಿಸುವುದನ್ನು ಮರೆಯಬೇಡಿ. ಚೂಪಾದ ಅಂಚಿಗೆ ರಿಂಗ್ ಸಿಕ್ಕಿ ತುಂಡಾಗುತ್ತದೆ. ರಿಂಗನ್ನು ಪಿಸ್ಟನ್ ಇಲ್ಲದೆ ಬೋರಿನೊಳಗೆ ನೇರವಾಗಿ ಕೂರಿಸಿ ಫೀಲರ್ ಗೇಜಿನಿಂದ ಬಾಯಿ ಅಳೆಯಿರಿ: 0.25–0.35 ಮಿ.ಮೀ. ಇದ್ದರೆ ಸರಿ.

ನಮ್ಮಪ್ಪಾರ ಯೆಜ್ಡಿ ಸ್ಟಾರ್ಟ್ ಆತು, ಆದ್ರ ಬಿಳೀ ಹೊಗಿ ನಿಲ್ಲವಲ್ಲದು. ತಿಂಗಳಿಗೊಮ್ಮೆ ಗೇರ್ ಆಯಿಲ್ ಹಾಕಬೇಕಾಗೇದ. ನೆಲದ ಮ್ಯಾಲೆ ಒಂದು ಹನೀನೂ ಬೀಳೂದಿಲ್ಲ. ಆಯಿಲ್ ಹೋಗೂದು ಎಲ್ಲಿಗೆ? — ಧಾರವಾಡ

ಎಂಜಿನ್ನೇ ಕುಡಿಯುತ್ತಿದೆ. ಎಡಗಡೆ, ಅಂದರೆ ಕ್ಲಚ್ ಮತ್ತು ಪ್ರೈಮರಿ ಚೈನ್ ಇರುವ ಕಡೆ, ಎಣ್ಣೆಯಲ್ಲಿ ಅದ್ದಿರುವ ಕ್ರ್ಯಾಂಕ್ ಸೀಲ್ (ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ) ಗಟ್ಟಿಯಾಗಿ ಬಿರಿದಿದೆ. ಪಿಸ್ಟನ್ ಮೇಲೆ ಹೋದಾಗಲೆಲ್ಲ ಕೆಳಗೆ ನಿರ್ವಾತ ಉಂಟಾಗಿ ಗೇರ್ ಆಯಿಲನ್ನು ಒಳಕ್ಕೆ ಎಳೆದು ಸುಡುತ್ತದೆ. ಬಲಗಡೆ ಡೈನಮೋ ಬದಿಯ ಸೀಲ್ ಹೋದರೆ ಲಕ್ಷಣವೇ ಬೇರೆ. ಅಲ್ಲಿ ಎಣ್ಣೆಯ ಬದಲು ಗಾಳಿ ಎಳೆಯುತ್ತದೆ: ಐಡ್ಲಿಂಗ್ ನಿಲ್ಲದು, ಎಕ್ಸಲರೇಟರ್ ಬಿಟ್ಟರೂ ಆರ್‌ಪಿಎಂ ತಾನಾಗಿ ಏರುತ್ತದೆ, ಪ್ಲಗ್ ಸುಣ್ಣದಂತೆ ಬೆಳ್ಳಗಾಗಿರುತ್ತದೆ. ಹೊಗೆ ಇಲ್ಲವಲ್ಲ ಎಂದು ಓಡಿಸುತ್ತಾ ಹೋದವರ ಪಿಸ್ಟನ್ ಕರಗುವುದು ಹೀಗೆಯೇ. ಎರಡರಲ್ಲಿ ಇದೇ ಹೆಚ್ಚು ಅಪಾಯದ್ದು.

ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಲು ಮನೆಯಲ್ಲಿರುವ ಹಳೇ ಬಿಪಿ ಮೀಟರ್ ಸಾಕು. ಕಾರ್ಬರೇಟರ್ ಬಾಯಿಗೆ ಮತ್ತು ಎರಡೂ ಎಕ್ಸಾಸ್ಟ್ ಬಾಯಿಗೆ ಟ್ಯೂಬಿನ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ಲೋಹದ ಚಿಪ್ಪಿಗೆ ನಳಿಕೆ ಅಂಟಿಸಿ ಬಿಪಿ ಮೀಟರಿನ ಬಲ್ಬು ಮತ್ತು ಗೇಜ್ ಜೋಡಿಸಿ. ಪಿಸ್ಟನ್ ಕೆಳತುದಿಯಲ್ಲಿರಲಿ, ಆಗ ಸಿಲಿಂಡರ್ ಮತ್ತು ಕ್ರ್ಯಾಂಕ್ ಕೇಸ್ ಒಂದೇ ಕೋಣೆಯಾಗುತ್ತವೆ. ಗೇಜಿನಲ್ಲಿ 250 ಮಿ.ಮೀ. ತೋರಿಸುವವರೆಗೆ ಗಾಳಿ ತುಂಬಿ ಬಿಡಿ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ ಎಂದರ್ಥ. ಡೈನಮೋ ಕಳಚಿ ಆ ಬದಿಯ ಸೀಲಿಗೂ, ಸಿಲಿಂಡರ್ ಬುಡಕ್ಕೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದ ಕಡೆ ದೋಷ. ಎಲ್ಲೂ ಗುಳ್ಳೆ ಕಾಣದೆ ಗೇರ್‌ಬಾಕ್ಸಿನ ಎಣ್ಣೆ ತುಂಬುವ ಬಾಯಿಯಿಂದ ಗಾಳಿ ಬಂದರೆ ಎಡಗಡೆಯ ಸೀಲೇ.

ಹೊಸ ಸೀಲ್ ಕೂರಿಸುವಾಗ ಶಾಫ್ಟಿನ ಮೇಲೆ ಹಳೇ ಸೀಲ್ ಕೊರೆದ ಗೆರೆ ಉಗುರಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಸೀಲನ್ನು ಒಂದು ಮಿ.ಮೀ. ಹೊರಗೆ ಅಥವಾ ಒಳಗೆ ಕೂರಿಸಿ. ಇಲ್ಲವಾದರೆ ಹೊಸದೂ ಬಾಳುವುದಿಲ್ಲ. ಸೀಲಿನ ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಕೀ ಗುಂಡಿಗೆ ಸೆಲ್ಲೋಟೇಪ್ ಸುತ್ತಿ ಜಾರಿಸಿ. ಡೈನಮೋ ರೋಟರ್ ತೆಗೆಯಲು ಸುತ್ತಿಗೆ ಬೇಡ. ನಡುವಿನ ಬೋಲ್ಟ್ ಬಿಚ್ಚಿ, ರೋಟರಿನ ಒಳಗಿನ ತ್ರೆಡ್ಡಿಗೆ ಹೊಂದುವ ದಪ್ಪ ಬೋಲ್ಟನ್ನು ತಿರುಗಿಸುತ್ತಾ ಹೋದರೆ ಅದೇ ಎಳೆದು ಕೊಡುತ್ತದೆ.

ಸೀಲ್ ಹಾಕಿದ ಮೇಲೂ ಕೆಲವು ದಿನ ಹೊಗೆ ಬರುತ್ತದೆ. ಅದು ಸೈಲೆನ್ಸರಿನಲ್ಲಿ ಕೂತ ಹಳೇ ಎಣ್ಣೆ. ಬಾಲದ ಒಳಗೊಳವೆ ಕಳಚಿ ಬೆಂಕಿಯಲ್ಲಿ ಕಾಯಿಸಿ ತಂತಿ ಬ್ರಷ್‌ನಿಂದ ಉಜ್ಜಿ. ಒಳಗೊಳವೆಯನ್ನೇ ಎಸೆದು ಬರೀ ಸೈಲೆನ್ಸರಿನಲ್ಲಿ ಓಡಿಸುವುದು ಬೇಡ, ಸದ್ದು ಬರುತ್ತದೆ, ಎಳೆತ ಹೋಗುತ್ತದೆ.

ಲೀಟರಿಗೆ ಎಷ್ಟು 2ಟಿ ಆಯಿಲ್? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. — ಚಿಕ್ಕಮಗಳೂರು

40 ಎಂ.ಎಲ್. ಸಾಕು. ಬೋರಿಂಗ್ ಮಾಡಿಸಿದ್ದರೆ ಮೊದಲ ಸಾವಿರ ಕಿ.ಮೀ.ವರೆಗೆ 50 ಎಂ.ಎಲ್. ಮೊದಲು ಡಬ್ಬದಲ್ಲಿ ಕಲಕಿ ಆಮೇಲೆ ಟ್ಯಾಂಕಿಗೆ ಸುರಿಯಿರಿ. ಹೆಚ್ಚು ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ ತಪ್ಪು. ಎಣ್ಣೆ ಹೆಚ್ಚಿದಷ್ಟೂ ಅದೇ ಜೆಟ್ಟಿನಲ್ಲಿ (ಕಾರ್ಬರೇಟರಿನ ಸಣ್ಣ ತೂತು) ಪೆಟ್ರೋಲ್ ಕಡಿಮೆ ಹೋಗುತ್ತದೆ.

ಟ್ಯಾಂಕ್ ಒಳಗೆ ಪೂರ್ತಿ ತುಕ್ಕು. ಟಾಯ್ಲೆಟ್ ಆಸಿಡ್ ಹಾಕಿ ತೊಳೆಯಬಹುದೇ? ಈಗಿನ ಎಥನಾಲ್ ಪೆಟ್ರೋಲ್ ಈ ಗಾಡಿಗೆ ಆಗುತ್ತದೆಯೇ? — ಮಂಗಳೂರು

ಟಾಯ್ಲೆಟ್ ಆಸಿಡ್ ಬೇಡವೇ ಬೇಡ. ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಹನಿ ಹೊರಗೆ ಬಿದ್ದರೆ ಟ್ಯಾಂಕಿನ ಪಕ್ಕದ ಕ್ರೋಮ್ ಕೂಡ ಹೋಯಿತು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಟ್ಯಾಂಕಿನ ಪೆಟ್ರೋಲ್ ನಲ್ಲಿಯನ್ನು ಬಿಚ್ಚಿ ತೆಗೆದು ಆ ತೂತಿಗೆ ಬಿರಡೆ ಹಾಕಿ. ಪೆಟ್ರೋಲ್, ಎಣ್ಣೆಯ ಜಿಡ್ಡು ಇರುವವರೆಗೆ ಯಾವ ಆಸಿಡ್ಡೂ ತುಕ್ಕಿಗೆ ತಾಗುವುದಿಲ್ಲವಾದ್ದರಿಂದ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ. ಒಂದು ಹಿಡಿ ನಟ್ಟು ಹಾಕಿ ಕುಲುಕಿ ಹೊಪ್ಪಳೆ ಉದುರಿಸಿ, ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಆಮೇಲೆ ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ ಕಂಠಮಟ್ಟ ತುಂಬಿ ಒಂದು ರಾತ್ರಿ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಏಳುತ್ತದೆ. ಸುರಿದ ಕೂಡಲೇ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ತಡಮಾಡದೆ ಹೇರ್ ಡ್ರೈಯರಿನಿಂದ ಒಣಗಿಸಿ, 100 ಎಂ.ಎಲ್. 2ಟಿ ಆಯಿಲ್ ಹಾಕಿ ಎಲ್ಲ ಮೂಲೆಗೂ ಓಡುವಂತೆ ಹೊರಳಿಸಿ. ನಿಮ್ಮ ಕಡಲ ಗಾಳಿಯಲ್ಲಿ ಒದ್ದೆ ತಗಡು ಒಂದು ಗಂಟೆಯಲ್ಲಿ ಮತ್ತೆ ಕೆಂಪಗಾಗುತ್ತದೆ.

ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಗಾಡಿ ಓಡುತ್ತದೆ, ನಿಂತರೆ ಕಷ್ಟ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಅದರೊಂದಿಗೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಕಾರ್ಬರೇಟರಿನ ಲೋಹದ ಮೇಲೆ ಬಿಳೀ ಬೂಸ್ಟಿನಂತೆ ಕಾಣುವುದು ಅದರ ಫಲ. ಹಳೇ ರಬ್ಬರ್ ಪೈಪ್, ವಾಷರ್ ಎಲ್ಲ ಬದಲಿಸಿ, ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ನಲ್ಲಿ ಬಂದ್ ಮಾಡಿ ಕಾರ್ಬರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ. ಎಥನಾಲ್ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾಗುವುದರಿಂದ ಪ್ಲಗ್ ಬಣ್ಣ ಗಮನಿಸುತ್ತಿರಿ. ಇಟ್ಟಿಗೆ ಕಂದು ಇರಬೇಕು. ಬಿಳಿಚಿಕೊಂಡರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ.

ಚೆನ್ನಾಗಿ ಓಡುತ್ತದೆ, ಎಂಟು ಹತ್ತು ಕಿ.ಮೀ. ಆದ ಮೇಲೆ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. — ಮಂಡ್ಯ

ನಿಂತ ಕೂಡಲೇ ಪೆಟ್ರೋಲ್ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಎಳೆದುಕೊಂಡರೆ ಮುಚ್ಚಳದ ಸಣ್ಣ ತೂತು ಕಟ್ಟಿದೆ, ಸೂಜಿಯಿಂದ ಬಿಡಿಸಿದರೆ ಕೆಲಸ ಮುಗಿಯಿತು. ಇಲ್ಲವಾದರೆ ಕಂಡೆನ್ಸರ್ ಮೇಲೆ ಅನುಮಾನ. ಪಾಯಿಂಟ್ (ಪ್ಲಗ್ ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್ಚು) ಮುಚ್ಚಳ ತೆಗೆದು ಕತ್ತಲಲ್ಲಿ ಓಡಿಸಿ ನೋಡಿ, ಪಾಯಿಂಟಿನಲ್ಲಿ ದಪ್ಪ ಹಳದಿ ಕಿಡಿ ಹಾರುತ್ತಿದ್ದರೆ ಅದೇ. ಹೊಸ ಕಂಡೆನ್ಸರನ್ನು ಬಿಸಿ ಎಂಜಿನ್ನಿನಿಂದ ದೂರ, ಕಾಯಿಲ್ ಬಳಿ ಕೂರಿಸಿ. ಪಾಯಿಂಟ್ ಗ್ಯಾಪ್ 0.4, ಪ್ಲಗ್ ಗ್ಯಾಪ್ 0.6 ಮಿ.ಮೀ.

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ ಹೊಸ ವೈರಿಂಗ್ ಹಾಕಿಸಿದೆ. ಲೈಟ್ ಮಂಕು, ಹಾರ್ನ್ ಕ್ಷೀಣ. ಡೈನಮೋ ಬದಲಿಸಬೇಕಂತೆ. — ಶಿವಮೊಗ್ಗ

ಡೈನಮೋಗೆ ಕೈ ಹಾಕುವ ಮೊದಲು ಅರ್ಥ್ ನೋಡಿ. ಪೌಡರ್ ಕೋಟಿಂಗ್ ಎಂದರೆ ಪ್ಲಾಸ್ಟಿಕ್ ಹೊದಿಕೆ, ಕರೆಂಟ್ ಹರಿಯದು. ಹಳೇ ವೈರಿಂಗಿನಲ್ಲಿ ಫ್ರೇಮೇ ವಾಪಸ್ ದಾರಿಯಾಗಿತ್ತು. ಹೆಡ್‌ಲೈಟ್ ಹೊತ್ತಿಸಿ, ಬ್ಯಾಟರಿಯ ಅರ್ಥ್ ಕಂಬ ಮತ್ತು ಲೈಟಿನ ಅರ್ಥ್ ನಡುವೆ ಮಲ್ಟಿಮೀಟರ್ ಇಡಿ. 0.2 ವೋಲ್ಟ್ ಮೀರಿದರೆ ದೋಷ ಅಲ್ಲೇ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಗೊತ್ತಾಗದು, 6 ವೋಲ್ಟಿನ ಈ ಗಾಡಿಯಲ್ಲಿ ಲೈಟೇ ಮಲಗುತ್ತದೆ. ಹೆಡ್‌ಲೈಟ್, ಹಿಂದಿನ ಲೈಟ್, ಎಂಜಿನ್‌ನಿಂದ ಬ್ಯಾಟರಿಗೆ ಪ್ರತ್ಯೇಕ ದಪ್ಪ ವೈರ್ ಎಳೆಯಿರಿ. ಅದಾದ ಮೇಲೂ ಎಂಜಿನ್ ಏರಿಸಿದಾಗ ಬ್ಯಾಟರಿಯಲ್ಲಿ 7 ವೋಲ್ಟ್ ದಾಟದಿದ್ದರೆ ಮಾತ್ರ ಕಾರ್ಬನ್ ಬ್ರಷ್, ಆಮೇಲೆ ರೆಗ್ಯುಲೇಟರ್. ತಾಮ್ರದ ಕಮ್ಯುಟೇಟರನ್ನು 600 ನಂಬರ್ ಕಾಗದದಲ್ಲಿ ತಿಕ್ಕಿ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ.

ಬಿಡಿಭಾಗ ಕೊಳ್ಳುವಾಗ ಅಂಗಡಿಯಲ್ಲಿ ಬರೀ ಜಾವಾ ಎನ್ನಬೇಡಿ. 2018ರಿಂದ ಬರುತ್ತಿರುವ ಜಾವಾ ಫೋರ್ ಸ್ಟ್ರೋಕ್, ಅದರ ಒಂದು ಸ್ಕ್ರೂ ಕೂಡ ಇದಕ್ಕೆ ಆಗದು.

ಯಾರೋ ಕೊಟ್ಟ 1972ರ ಗಾಡಿ, ಎಂವೈ ಎಂದು ಶುರುವಾಗುವ ಹಳೇ ನಂಬರ್. ಆರ್‌ಸಿ ಪುಸ್ತಕ ಹರಿದಿದೆ, ಆನ್‌ಲೈನಿನಲ್ಲಿ ಏನೂ ತೋರಿಸುವುದಿಲ್ಲ. ವಿಂಟೇಜ್ ನೋಂದಣಿ ಮಾಡಿಸಲೇ? — ಬೆಂಗಳೂರು

ಅವಸರ ಬೇಡ. 2021ರ ಜುಲೈ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಗೆ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿ ವಿಂಟೇಜ್. ಹೊಸ ನೋಂದಣಿಗೆ ₹20,000, ಹತ್ತು ವರ್ಷ ಬಾಳಿಕೆ, ಮರುನೋಂದಣಿಗೆ ₹5,000, ನಂಬರಿನಲ್ಲಿ ವಿಎ ಅಕ್ಷರ. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿಗೆ ಮಾತ್ರ.

ಹಳೇ ಪುಸ್ತಕ ಜೀವಂತವಿದ್ದರೆ ಅದನ್ನೇ ಉಳಿಸಿಕೊಳ್ಳಿ. ಆನ್‌ಲೈನಿನಲ್ಲಿ ಕಾಣದಿರುವುದಕ್ಕೆ ಕಾರಣ ಹಳೇ ದಾಖಲೆ ಕಂಪ್ಯೂಟರಿಗೆ ಏರದಿರುವುದು. ಮೊದಲು ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿಗೆ ಅರ್ಜಿ ಕೊಡಿ, ಆಮೇಲೆ ನವೀಕರಣ, ಹೆಸರು ವರ್ಗಾವಣೆ. ಪುಸ್ತಕದಲ್ಲಿರುವ ಮಾಲೀಕರ ಅಥವಾ ವಾರಸುದಾರರ ಸಹಿ ಸಿಗದಿದ್ದರೆ ಗಾಡಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ಫ್ರೇಮ್ ಮೇಲಿನ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಪುಸ್ತಕದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಬಣ್ಣಕ್ಕೆ ಕೊಡುವ ಮುನ್ನ ಎರಡರ ಮೇಲೂ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಂಡು, ಆ ಜಾಗಕ್ಕೆ ಟೇಪ್ ಅಂಟಿಸಿ. ಸ್ಯಾಂಡ್ ಬ್ಲಾಸ್ಟಿಂಗಿನಲ್ಲಿ ಸವೆದ ಅಥವಾ ಪುಟ್ಟಿ ತುಂಬಿದ ನಂಬರ್ ಕಂಡರೆ ಇನ್ಸ್‌ಪೆಕ್ಟರ್ ಕಡತವನ್ನು ಅಲ್ಲೇ ಬದಿಗಿಡುತ್ತಾರೆ.