ಯಂತ್ರದ ಉಪದೇಶ, ಯಂತ್ರದ ಕ್ಷಮೆ

ಪ್ರಶ್ನೆ: ಜಪಾನಿನ ಬೌದ್ಧ ದೇವಾಲಯದಲ್ಲಿ ರೋಬಾಟ್ ಪ್ರವಚನ ಕೊಡುತ್ತದಂತೆ. ಅಮೆರಿಕದಲ್ಲಿ ಎಐ ಪಾದ್ರಿಯ ದೀಕ್ಷೆಯನ್ನೇ ಕಿತ್ತುಕೊಂಡರಂತೆ. ಒಂದೇ ತಂತ್ರಜ್ಞಾನಕ್ಕೆ ಎರಡು ನ್ಯಾಯವೆ?

ಉತ್ತರ: ತಂತ್ರಜ್ಞಾನ ಒಂದೇ ಅಲ್ಲ. ಕ್ಯೋಟೊದ ಕೊಡೈಜಿ ದೇವಾಲಯಕ್ಕೆ 2019ರಲ್ಲಿ ಬಂದ ರೋಬಾಟ್ ‘ಮೈಂಡರ್’, ಕನ್ನೊನ್ ಅಂದರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ರೂಪ. ಮುಖಕ್ಕೆ, ಕೈಗೆ ಸಿಲಿಕೋನ್ ಚರ್ಮ. ಉಳಿದ ಅಲ್ಯೂಮಿನಿಯಂ ಮೈ ಬಯಲಾಗಿಯೇ ಕಾಣುತ್ತದೆ. ಹೃದಯಸೂತ್ರ ಎಂಬ ಬೌದ್ಧ ಗ್ರಂಥದ ಮೇಲೆ ಅದು ಒಪ್ಪಿಸಿದ್ದು ಮೊದಲೇ ಬರೆದಿಟ್ಟ ಪ್ರವಚನ. ಮಾತಾಡುವ ವಿಗ್ರಹ ಎಂದುಕೊಂಡರೆ ತಕರಾರೇ ಇಲ್ಲ. ‘ಚೇತನವೇ ಕರ್ಮ’ ಎಂಬ ಬುದ್ಧವಚನ ಪಾಲಿ ಗ್ರಂಥ ಅಂಗುತ್ತರ ನಿಕಾಯದಲ್ಲಿದೆ (6.63). ಪಾಲಿಯ ‘ಚೇತನಾ’ ನಮ್ಮ ಜೀವಚೈತನ್ಯವಲ್ಲ, ಸಂಕಲ್ಪ. ಯಂತ್ರಕ್ಕೆ ಸಂಕಲ್ಪವಿಲ್ಲವೆಂದರೆ ಆ ಮಾತಿನ ಕರ್ಮ ಬರೆದವರಿಗೆ, ಆಡಿಸಿದವರಿಗೆ.

ಅಮೆರಿಕದ ‘ಫಾದರ್ ಜಸ್ಟಿನ್’ ಕೇಳಿದಾಗಲೇ ಉತ್ತರ ಹೆಣೆಯುವ ಚಾಟ್‌ಬಾಟ್. ಕ್ಯಾಥೊಲಿಕ್ ಆನ್ಸರ್ಸ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಅದಕ್ಕೆ ಪಾದ್ರಿಯ ಉಡುಪು ತೊಡಿಸಿ ಬಿಟ್ಟಿತು. ಅದು ಪಾಪನಿವೇದನೆ ಕೇಳಿ ಕ್ಷಮೆಯ ಮಾತನ್ನೂ ಆಡಿತು. ಗೇಟರೇಡ್ ಪಾನೀಯದಲ್ಲಿ ಜ್ಞಾನಸ್ನಾನ ಮಾಡಿಸಬಹುದೆಂದೂ ಹೇಳಿತು! ಕೆಲವೇ ದಿನಗಳಲ್ಲಿ ‘ಫಾದರ್’ ಹೋಗಿ ಬರೀ ಜಸ್ಟಿನ್ ಉಳಿಯಿತು. ಇದನ್ನು ಮಡಿವಂತಿಕೆ ಎನ್ನಲಾಗದು. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 965ನೇ ವಿಧಿಯಂತೆ ಪಾಪಕ್ಷಮೆಯ ಸಂಸ್ಕಾರ ನಡೆಸುವವರು ಪಾದ್ರಿಗಳು ಮಾತ್ರ. 849ನೇ ವಿಧಿಯಂತೆ ಜ್ಞಾನಸ್ನಾನಕ್ಕೆ ನಿಜವಾದ ನೀರೇ ಬೇಕು. ಪ್ರವಚನವನ್ನು ಯಾರ ಬಾಯಿಂದ ಕೇಳಿದರೂ ನಡೆದೀತು, ಸಂಸ್ಕಾರ ಹಾಗಲ್ಲ. 2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ ‘ಆಂತೀಕ್ವಾ ಎತ್ ನೋವಾ’ ಟಿಪ್ಪಣಿಯೂ ಎಐಯನ್ನು ಮನುಷ್ಯಬುದ್ಧಿಯ ಸೃಷ್ಟಿ ಎಂದೇ ಕಾಣುತ್ತದೆ, ಅದರ ಇನ್ನೊಂದು ರೂಪ ಎಂದಲ್ಲ.

ಪ್ರಶ್ನೆ: ಧರ್ಮಗ್ರಂಥದ ಸಾಲುಗಳನ್ನು ಎಐ ಹತ್ತಿರ ಕೇಳಬಹುದೆ?

ಉತ್ತರ: ಕೇಳಿ, ಆದರೆ ಸಾಲಿನ ಜೊತೆ ಅಧ್ಯಾಯ, ಸಂಖ್ಯೆಯನ್ನೂ ಕೇಳಿ; ಆಮೇಲೆ ಪುಸ್ತಕ ತೆರೆದು ನೋಡಿ. ಚಾಟ್‌ಬಾಟ್ ಒಂದು ಪದದ ಬಳಿಕ ಯಾವ ಪದ ಬಂದೀತೆಂದು ಅಂದಾಜು ಕಟ್ಟುತ್ತಾ ಹೋಗುತ್ತದೆ. ಪುಸ್ತಕವನ್ನು ಅದರ ಮುಂದೆ ಇಟ್ಟಿರದಿದ್ದರೆ, ಬುದ್ಧ ಹೇಳಿದಂತೆಯೇ ಕೇಳಿಸುವ, ಬುದ್ಧ ಹೇಳದ ಸಾಲು ಸಲೀಸಾಗಿ ಹುಟ್ಟುತ್ತದೆ. ಬುದ್ಧವಚನಗಳ ಪಾಲಿ ಧಮ್ಮಪದದಲ್ಲಿರುವುದು 26 ವಗ್ಗ (ಅಧ್ಯಾಯ), 423 ಗಾಥೆ (ಪದ್ಯ). 430ನೆಯದನ್ನು ಉದ್ಧರಿಸಿದರೆ ಅದು ಕಟ್ಟುಕತೆ.

ಬೈಬಲಿನಲ್ಲಿ ಸಂಖ್ಯೆ ತಾಳೆಯಾಗದ ಮಾತ್ರಕ್ಕೆ ಸುಳ್ಳೆನ್ನಬೇಡಿ. ‘ಯೆಹೋವನು ನನಗೆ ಕುರುಬನು’ ಎಂಬ 23ನೇ ಕೀರ್ತನೆ ಬೈಬಲಿನ ಹಳೆಯ ಲ್ಯಾಟಿನ್ ಅನುವಾದ ವಲ್ಗೇಟ್‌ನಲ್ಲಿ 22ನೆಯದು. 9 ಮತ್ತು 10ನೇ ಕೀರ್ತನೆಗಳನ್ನು ಅಲ್ಲಿ ಒಂದೇ ಎಂದು ಎಣಿಸಿದ್ದರಿಂದ ಮುಂದಿನ ಬಹುಪಾಲು ಒಂದೊಂದು ಹಿಂದೆ ಸರಿದಿವೆ. ಯಾವ ಆವೃತ್ತಿ ಎಂಬುದನ್ನೂ ಪ್ರಶ್ನೆಯಲ್ಲೇ ಸೇರಿಸಿಬಿಡಿ.