ಥಾಯ್ಲೆಂಡಿನ ನಿವೃತ್ತಿ ವೀಸಾದಲ್ಲಿ ಇರುವವರು ಪದೇ ಪದೇ ಹೊರದೇಶಕ್ಕೆ ಹೋಗಿಬಂದರೆ ವೀಸಾ ಉಳಿಯುತ್ತದೆಯೇ?

ಉಳಿಯುತ್ತದೆ, ಹೊರಡುವ ಮುನ್ನ ಮರುಪ್ರವೇಶ ಪರವಾನಗಿ ಪಡೆದಿದ್ದರೆ. ಜನ ಎಡವುವುದು ಇಲ್ಲೇ.

50 ದಾಟಿದವರು ಸಾಮಾನ್ಯವಾಗಿ ನಾನ್-ಇಮಿಗ್ರೆಂಟ್ ‘ಒ’ ವೀಸಾದಲ್ಲಿ ಹೋಗಿ, ಅಲ್ಲಿಯೇ ವರ್ಷವರ್ಷ ವಾಸ್ತವ್ಯ ವಿಸ್ತರಿಸಿಕೊಳ್ಳುತ್ತಾರೆ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಪರವಾನಗಿಯಿಲ್ಲದೆ ದೇಶ ಬಿಟ್ಟರೆ ಆ ವಿಸ್ತರಣೆ ರದ್ದಾಗುತ್ತದೆ. ಮೊಮ್ಮಗನ ನಾಮಕರಣಕ್ಕೆಂದು ಎರಡು ದಿನ ಬೆಂಗಳೂರಿಗೆ ಬಂದಿದ್ದೆ ಎಂದರೆ ಯಾರೂ ಕೇಳುವುದಿಲ್ಲ. ಒಂದು ಸಲದ ಪರವಾನಗಿಗೆ 1,000 ಬಾತ್, ಎಷ್ಟು ಸಲವಾದರೂ ಓಡಾಡಲು 3,800. ವರ್ಷಕ್ಕೆ ನಾಲ್ಕು ಪ್ರಯಾಣ ಖಚಿತವಿದ್ದರೆ ಎರಡನೆಯದೇ ಲಾಭ.

ನಿವೃತ್ತರಿಗೆ ಇರುವ ಇನ್ನೊಂದು ಬಗೆಯಾದ ‘ಒ-ಎ’ ವೀಸಾವನ್ನು ತಾಯ್ನಾಡಿನಿಂದ ಅಥವಾ ನೆಲೆಸಿರುವ ದೇಶದಿಂದಲೇ ಪಡೆಯಬೇಕು, ಆರೋಗ್ಯ ವಿಮೆ ಕಡ್ಡಾಯ. ಮೊದಲ ವರ್ಷ ಎಷ್ಟು ಸಲ ಬೇಕಾದರೂ ಒಳಬರಬಹುದು. ಪ್ರತಿ ಪ್ರವೇಶಕ್ಕೂ ಹೊಸದಾಗಿ ಒಂದು ವರ್ಷದವರೆಗೆ ವಾಸ್ತವ್ಯ ಸಿಗುತ್ತದೆ, ವಿಮೆಯ ಅವಧಿಯೂ ಅಷ್ಟಿರಬೇಕು. ಆ ವೀಸಾ ಮುಗಿದ ಮೇಲೆ ಮತ್ತೆ ಅದೇ ಪರವಾನಗಿಯ ಗೊಡವೆ.

ಹಣ ಧಾರಾಳವಾಗಿದ್ದರೆ, ಶುಲ್ಕ ಕಟ್ಟಿ ದೀರ್ಘಾವಧಿ ವೀಸಾ ಪಡೆಯುವ ಥಾಯ್ಲೆಂಡ್ ಪ್ರಿವಿಲೇಜ್ ಸದಸ್ಯತ್ವವಿದೆ. 5 ವರ್ಷದ ಗೋಲ್ಡ್ ದರ್ಜೆಗೆ 9 ಲಕ್ಷ ಬಾತ್, ಮರಳಿ ಬರುವ ಹಣವಲ್ಲ. ನನ್ನ ಮಟ್ಟಿಗೆ ಅದು ದುಬಾರಿ.

ಅಲೆದಾಡುವವರಿಗೆ ಒಂದು ಅನುಕೂಲವೂ ಉಂಟು: ಸತತ 90 ದಿನ ಇದ್ದವರು ವಿಳಾಸ ವರದಿ ಮಾಡಬೇಕು, ಆದರೆ ಹೊರಹೋಗಿ ಬಂದಾಗಲೆಲ್ಲ ಆ ಎಣಿಕೆ ಒಂದರಿಂದ ಶುರುವಾಗುತ್ತದೆ.